ಐದು ದಿನ ಸತ್ತಿದ್ದ ಈರಣ್ಣ

‘ಊಟ ಆಯ್ತಾ ಈರಣ್ಣ?’ ಎಂದರೆ ‘ಯಾಕ್ ಕೇಳಿದ್ದು?’ ಎಂದು ತಿರುಗಿ ಕೇಳುವ ಮನುಷ್ಯನನ್ನು ನಾನು ಮಧುಗಿರಿಗೆ ಸೊಸೆಯಾಗಿ ಬರುವ ತನಕ ಕಂಡಿರಲಿಲ್ಲ. ಕೇಳುವಾಗ ಅವನ ಮುಖದಲ್ಲಿ ಸಿಟ್ಟೇನೂ ಇರುತ್ತಿರಲಿಲ್ಲ. ತಲೆಯನ್ನು ತುಸು ಓರೆ ಮಾಡಿ, ಕಣ್ಣು ಕಿರಿದು ಮಾಡಿ, ನಿಜವಾಗಿಯೂ ಕಾರಣ ತಿಳಿದುಕೊಳ್ಳಬೇಕು ಎನ್ನುವ ಹಾಗೆ ನಿಲ್ಲುತ್ತಿದ್ದ. ಮೊದಲ ಸಲ ನಾನು ತಬ್ಬಿಬ್ಬಾಗಿ, ‘ಸುಮ್ಮನೆ ಕೇಳಿದೆ’ ಎಂದೆ.

‘ಸುಮ್ಕೆ ಯಾರೂ ಏನೂ ಕೇಳಲ್ಲ ತಾಯಿ. ಇರ್ಲಿ ಬುಡು. ಆಯ್ತು ಊಟ’ ಎಂದು ಒಳಗೆ ಹೋದ. ಹೋದವನು ಕಿಟಕಿಯಿಂದ ಇಣುಕಿ, ನಾನು ಇನ್ನೂ ನಿಂತಿದ್ದೇನೆಯೇ ಎಂದು ನೋಡಿದ.

ನಮ್ಮ ಮನೆಯ ಎದುರು ಸಾಲಿನಲ್ಲಿ ಅವನ ಹೆಂಚಿನ ಮನೆ. ನಡುಮನೆಯಲ್ಲೇ ಕುಳಿ ತೋಡಿದ ಮಗ್ಗ. ಕಂಬಳಿ ನೇಯುವುದು ಅವನ ಕಸುಬು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಐವತ್ತರ ಆಸುಪಾಸಿನ ಒಣಕಲು ಆಳು, ಎತ್ತರಕ್ಕಿದ್ದ. ಉಣ್ಣೆ ತಂದವರ ಮುಂದೆಯೇ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು, ಮೂಸಿ ನೋಡಿ, ಆಮೇಲೆ ‘ಕುಂತ್ಕ’ ಎನ್ನುತ್ತಿದ್ದ. ಹಾಲಿಗೆ ಹುಲ್ಲುಕಡ್ಡಿ ಅದ್ದಿ ನೋಡುತ್ತಿದ್ದ. ಗಂಟೆ ಎಷ್ಟೆಂದು ತಿಳಿಯಬೇಕಾದರೆ ಬೀದಿಯಲ್ಲಿ ಮೂರು ಜನರನ್ನು ಕೇಳಿ ನಡುವಿನದನ್ನು ಇಟ್ಟುಕೊಳ್ಳುತ್ತಿದ್ದ. ಬಸ್ಸಿನ ಬೋರ್ಡು ನೋಡಿ ಹತ್ತುತ್ತಿರಲಿಲ್ಲ. ಡ್ರೈವರನ್ನು, ಕಂಡಕ್ಟರನ್ನು, ಕೊನೆಗೆ ಒಳಗೆ ಕೂತ ಒಬ್ಬ ಮುದುಕಿಯನ್ನು ಕೇಳಿ ಹತ್ತುತ್ತಿದ್ದ. ‘ಬೋರ್ಡು ಯಾರ್ ಬೇಕಾರೂ ಬರೀಬೋದು. ಮುದ್ಕಿ ಸುಳ್ಳೇಳಲ್ಲ, ಅವಳೂ ಊರು ಸೇರ್ಬೇಕಲ್ಲ’ ಎಂಬುದು ಅವನ ಲೆಕ್ಕಾಚಾರ. ಕಾರ್ತಿಕದ ಮೋಡ ಕವಿದರೆ ನಾನು ಹಪ್ಪಳ ಒಳಗೆ ತರುತ್ತಿದ್ದೆ. ಅವನು ಮೋಡವನ್ನೇ ದುರುಗುಟ್ಟಿ, ‘ಇವು ಬರೀ ತೋರ್ಸಕ್ ಬಂದಿರವು’ ಎಂದು ನೂಲನ್ನು ಹೊರಗೇ ಬಿಡುತ್ತಿದ್ದ. ಅರ್ಧದಷ್ಟು ಸಲ ಅವನ ಮಾತೇ ನಿಜವಾಗುತ್ತಿತ್ತು.

ಈ ರೋಗ ಅಂಟುವಂಥದ್ದು. ಮದುವೆಯಾಗಿ ಒಂದು ವರ್ಷ ತುಂಬುವುದರೊಳಗೆ, ಕಚೇರಿಯಿಂದ ಬಂದ ನಮ್ಮ ಮನೆಯವರು ‘ಇವತ್ತು ಸಾರು ಚೆನ್ನಾಗಿದೆ’ ಎಂದಾಗ ನಾನು ‘ಯಾಕೆ?’ ಎಂದುಬಿಟ್ಟಿದ್ದೆ.

ಹೀಗಿದ್ದವನ ತಲೆಗೆ ಒಂದು ಬೆಳಿಗ್ಗೆ ಕಾಗೆ ಬಡಿಯಿತು.

ಎಂಬತ್ತೊಂದೋ ಎಂಬತ್ತೆರಡೋ ಇರಬೇಕು. ಬೀದಿಯ ಉದ್ದಕ್ಕೆ ಕಪ್ಪು ನೂಲಿನ ಹಾಸು ಕಟ್ಟಿ, ಹುಣಸೆಬೀಜದ ಗಂಜಿಯನ್ನು ಕುಂಚದಲ್ಲಿ ತೀಡುತ್ತಿದ್ದ. ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಎಲ್ಲಿಂದಲೋ ಬಂದ ಕಾಗೆ ಅವನ ನೆತ್ತಿಗೆ ರೆಕ್ಕೆ ಸವರಿ, ಕಾಲೂರಿದಂತೆ ಮಾಡಿ, ಹಾರಿಹೋಯಿತು. ಈರಣ್ಣ ಕುಂಚ ಹಿಡಿದೇ ನಿಂತ. ಮೊದಲು ಕೇಳಿದ್ದು ನನ್ನನ್ನೇ.

‘ತಾಯಿ, ಅದು ಯಾವ ಕಡೆಯಿಂದ ಬಂತು?’

‘ಅಲ್ಲಿ, ಆ ಬೇವಿನ ಮರದ ಕಡೆಯಿಂದ.’

‘ಬೇವಿನ ಮರ ಪಡುವ್ಲಿಗೈತೆ. ಬರಗೂರು ಯಾವ ಕಡೆಗೈತೆ?’

ನನಗೆ ಅರ್ಥವಾಗಲಿಲ್ಲ. ಒಳಗಿಂದ ಬಂದ ನಮ್ಮ ಅತ್ತೆಗೆ ಅರ್ಥವಾಯಿತು. ಅತ್ತೆಯ ತವರು ಬರಗೂರು. ಈರಣ್ಣನ ಒಬ್ಬಳೇ ಅಕ್ಕ ಹನುಮಕ್ಕನನ್ನು ಕೊಟ್ಟಿದ್ದೂ ಅದೇ ಊರಿಗೆ. ‘ಅಯ್ಯೋ ಮಹರಾಯ, ನಿಮ್ಮಕ್ಕ ಅಲ್ಲಿ ಕೂತು ಕಾಗೆ ಕಳಿಸಿದಳು ಅಂತೀಯ?’ ಎಂದರು.

‘ನಾನು ಅಂಗನ್ನಲಿಲ್ಲ. ಕಾಗೆ ಬಂದ ದಿಕ್ಕು ಹೇಳ್ದೆ’ ಎಂದ ಈರಣ್ಣ.

ಕಾಗೆ ತಲೆ ಮುಟ್ಟಿದರೆ ನಮ್ಮ ಕಡೆ ಅದನ್ನು ಸಾವಿನ ಸೂಚನೆ ಎನ್ನುತ್ತಾರೆ. ಪರಿಹಾರವೂ ಇದೆ. ಮುಟ್ಟಿಸಿಕೊಂಡವನು ಸತ್ತನೆಂದು ರಕ್ತಸಂಬಂಧಿಗಳಿಗೆ ಒಂದು ಸುಳ್ಳು ಕಾರ್ಡು ಬರೆಯಬೇಕು. ಅವರು ನಂಬಿ ಅತ್ತರೆ, ಆ ಕಣ್ಣೀರಿಗೆ ಬರಬೇಕಾದ ಸಾವು ಸಮಾಧಾನಗೊಂಡು ಹಿಂದಕ್ಕೆ ಹೋಗುತ್ತದೆ. ಮಾರನೆಯ ದಿನ ‘ದೋಷ ಕಳೆಯಲು ಹಾಗೆ ಬರೆದೆವು, ಎಲ್ಲರೂ ಕ್ಷೇಮ’ ಎಂದು ಎರಡನೆಯ ಕಾರ್ಡು. ನನ್ನ ತವರಿನಲ್ಲೂ ಇಂಥ ಕಾರ್ಡು ಬಂದು, ನಮ್ಮ ಅಜ್ಜಿ ಒಂದು ದಿನವೆಲ್ಲ ಅತ್ತು, ಮಾರನೆಯ ದಿನ ಹೋಳಿಗೆ ಮಾಡಿದ್ದು ನೆನಪಿದೆ.

‘ಕಾರ್ಡು ನಾನು ಬರ್ಕೊಡ್ಲಾ ಈರಣ್ಣ?’ ಎಂದೆ. ಅತ್ತೆ ನನ್ನ ಕೈ ಚಿವುಟಿದರು. ಈರಣ್ಣ ತಲೆಯಾಡಿಸಿದ.

‘ಅಕ್ಕಂಗಾ? ಅವಳು ಅಳಲ್ಲ ತಾಯಿ.’

ಅವನು ಹೋದ ಮೇಲೆ ಅತ್ತೆ ಒಲೆ ಮುಂದೆ ಕೂತು ಹೇಳಿದರು. ನಾಲ್ಕು ವರ್ಷದ ಹಿಂದೆ ಬರಗೂರಿನಿಂದ ಈರಣ್ಣನಿಗೆ ಒಂದು ಕಾರ್ಡು ಬಂದಿತ್ತು, ಬಾವ ತೀರಿಕೊಂಡರು ಎಂದು. ಹಿಂದಿನ ವಾರವಷ್ಟೇ ಅದೇ ಬಾವ ಶಿರಾ ಸಂತೆಯಲ್ಲಿ ಕುರಿ ಹೊತ್ತುಕೊಂಡು ನಡೆಯುತ್ತಿದ್ದುದನ್ನು ಇವನು ಕಂಡಿದ್ದ. ಕಾರ್ಡನ್ನು ಮೂರು ಸಲ ಓದಿಸಿದ. ‘ಇದು ಕಾಗೆ ಕಾರ್ಡು ಕಣ್ರಮ್ಮ. ಬಾವಂಗೆ ಕಾಗೆ ಮುಟ್ಟೈತೆ. ನನ್ನ ಅಳಿಸಕ್ಕೆ ಬರ್ದವ್ರೆ’ ಎಂದು ನಕ್ಕನಂತೆ. ಎರಡನೆಯ ಕಾರ್ಡು ಬರಲೆಂದು ಜಗುಲಿಯ ಮೇಲೆ ಕೂತು ಕಾದ. ಒಂದು ದಿನ, ಎರಡು ದಿನ. ಮೂರನೆಯ ದಿನ ಬರಗೂರಿನಿಂದ ಬಂದ ಅತ್ತೆಯ ತಮ್ಮ, ‘ಏನ್ ಈರಣ್ಣ, ಬಾವನ ಮಣ್ಣಿಗೂ ಬರ್ಲಿಲ್ಲ ನೀನು’ ಎಂದಾಗಲೇ ಅವನಿಗೆ ತಿಳಿದದ್ದು. ಅಂದಿನಿಂದ ಹನುಮಕ್ಕ ತಮ್ಮನ ಹೆಸರೆತ್ತಿಲ್ಲ. ಇವನಿಗೂ ಆ ಊರಿನ ಕಡೆ ಮುಖ ಹಾಕುವ ಧೈರ್ಯವಾಗಿಲ್ಲ.

ಈಗ ಅವನ ಪ್ರಾಣ ಉಳಿಯಬೇಕಾದರೆ ಅಳಬೇಕಾದವಳು ಆ ಅಕ್ಕ. ಲೋಕದಲ್ಲಿ ಅವನಿಗೆ ಬೇರೆ ರಕ್ತಸಂಬಂಧ ಇರಲಿಲ್ಲ.

ಕಾರ್ಡು ಬರೆಯುವ ವಿಚಾರವನ್ನು ಅವನು ಆ ವಾರವೆಲ್ಲ ತಿರುವಿ ಹಾಕಿದ. ಬರೆದರೆ ನಂಬುತ್ತಾಳೆಯೇ? ನಂಬಿದರೂ, ‘ಅವ್ನು ನನ್ ಗಂಡನ ಸಾವ್ನ ನಂಬ್ಲಿಲ್ಲ, ನಾನ್ಯಾಕೆ ಅಳ್ಲಿ’ ಎಂದು ರಾಗಿ ಬೀಸುತ್ತ ಕೂತರೆ? ಅತ್ತಳೋ ಇಲ್ಲವೋ ಎಂದು ಹೇಳುವವರಾದರೂ ಯಾರು? ನಾನು ಕೇಳಿದೆ, ‘ಅಳ್ತಾಳೆ ಅಂತ ನಂಬಿಕೆ ಇಟ್ಟುಕೊಂಡು ಬರೀಬಾರದಾ?’ ಅವನು ‘ನಂಬ್ಕೆ ಇಟ್ಕಂಡು ಇಲ್ಲೀಗಂಟ ಏನೂ ಮಾಡಿಲ್ಲ ತಾಯಿ ನಾನು’ ಎಂದ.

ಅಷ್ಟರಲ್ಲಿ ಬೆಟ್ಟದ ಬುಡಕ್ಕೆ ಸಿನಿಮಾದವರು ಬಂದರು.

ಎರಡು ಲಾರಿ, ಒಂದು ಬಸ್ಸು, ಬೆಳ್ಳಿ ಕಾಗದ ಅಂಟಿಸಿದ ಹಲಗೆಗಳು. ಊರಿಗೆ ಊರೇ ಅಲ್ಲಿತ್ತು. ಕಥೆ ಬೇಗನೆ ಎಲ್ಲರ ಬಾಯಿಗೆ ಬಂತು. ಮೂರು ಗುಂಪು ಕಳ್ಳರು, ಒಂದು ಪೆಟ್ಟಿಗೆ. ಪೆಟ್ಟಿಗೆ ಯಾವ ಗುಂಪಿನ ಹತ್ತಿರವಿದೆ ಎಂದು ಯಾರಿಗೂ ಗೊತ್ತಿಲ್ಲ. ಎಲ್ಲರೂ ಬಂಡೆಗಳ ಮರೆಗೆ ಸೇರಿಕೊಂಡು ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಾರೆ. ಸ್ವಲ್ಪ ಹೊತ್ತಿಗೆ ತಮ್ಮ ಗುಂಪಿನವರ ಮೇಲೂ ಅನುಮಾನ ಬಂದು ಅವರ ಮೇಲೂ ಹಾರಿಸುತ್ತಾರೆ. ಹಾಡಿಲ್ಲ, ಮದುವೆಯಿಲ್ಲ. ಹೆಚ್ಚುಕಡಿಮೆ ಇಡೀ ಸಿನಿಮಾ ಒಂದೇ ಗುಂಡಿನ ಕಾಳಗ. ಈರಣ್ಣ ಕೇಳಿ, ‘ಇದು ನಿಜವಾಗ್ಲೂ ನಡ್ದಿರದೇ’ ಎಂದು ಒಪ್ಪಿದ. ಅವನು ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬೆಂಗಳೂರಿನಿಂದ ಕರೆತಂದ ಜನ ಸಾಲದೆ, ಸಾಯಲು ಊರಿನ ಗಂಡಸರನ್ನು ಆರಿಸುತ್ತಿದ್ದರು. ಕೊರಳಿಗೆ ಸೀಟಿ ಹಾಕಿಕೊಂಡ ದಪ್ಪ ಮನುಷ್ಯನೊಬ್ಬ ಬೇವಿನ ಮರದಡಿ ನಿಂತು ಹೆಸರು ಬರೆದುಕೊಳ್ಳುತ್ತಿದ್ದ. ಅತ್ತೆಯೂ ನಾನೂ ಅಲ್ಲೇ ಇದ್ದೆವು. ಸರದಿಯಲ್ಲಿ ನಿಂತವರೆಲ್ಲ ‘ನನ್ನ ಕೊನೇಗಂಟ ಬದುಕ್ಸಿ ಸಾರ್’ ಎಂದು ಬೇಡಿಕೊಳ್ಳುತ್ತಿದ್ದರು. ಈರಣ್ಣ ಹೋಗಿ ನಿಂತ.

‘ಬರೀ ಗಾಯ ಆದ್ರೆ ಒಪ್ಪಲ್ಲ ಸೋಮಿ. ಪೂರ್ತಿ ಸಾಯ್ಬೇಕು. ಮಕ ಕಾಣ್ಬೇಕು.’

ಸೀಟಿ ಮನುಷ್ಯ ತಲೆಯೆತ್ತಿ ನೋಡಿದ. ‘ಏನಯ್ಯ, ಅಷ್ಟೊಂದು ಆಸೆನಾ ಸಾಯೋಕೆ?’

‘ಯಾಕ್ ಕೇಳಿದ್ದು?’ ಎಂದ ಈರಣ್ಣ.

ಅವನ ಉಪಾಯ ನನಗೆ ಆಗ ಹೊಳೆಯಿತು. ಕಾರ್ಡಿನ ಸಾವನ್ನು ಅಕ್ಕ ನಂಬದೆ ಹೋದಾಳು. ಕಣ್ಣೆದುರಿನ ಸಾವನ್ನು ನಂಬದೆ ಇರಲಾರಳು. ಅವಳು ಅಳುತ್ತಾಳೋ ಇಲ್ಲವೋ ಎಂದು ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ನೋಡಿಸಲೂಬಹುದು.

ಸತ್ತದ್ದು ಮೊದಲ ದಿನವೇ. ತಾನೇ ನೇಯ್ದ, ಬಿಳಿ ಅಂಚಿನ ಕಪ್ಪು ಕಂಬಳಿ ಹೊದ್ದು ಬಂಡೆಯೊಂದರ ಪಕ್ಕ ನಿಂತಿದ್ದ. ಕೆಂಪು ಬಣ್ಣ ತುಂಬಿದ ಚೀಲವನ್ನು ಎದೆಗೆ ಕಟ್ಟಲು ಬಂದರು. ಕಂಬಳಿಗೆ ಕಲೆಯಾಗುತ್ತದೆ ಎಂದು ಬಿಡಲಿಲ್ಲ. ‘ರಕ್ತ ಇಲ್ಲದೆ ಹೆಂಗಯ್ಯ ಸಾಯ್ತೀಯ?’ ಎಂದು ಸೀಟಿ ಮನುಷ್ಯ ಕೂಗಿದ. ‘ಒಳಗೇ ಸುರಿತೈತೆ ಅಂದ್ಕಳಿ’ ಎಂದ ಈರಣ್ಣ. ನಾವು ಕೆಳಗಿನಿಂದ ನೋಡುತ್ತಿದ್ದೆವು. ಢಂ ಎಂದಿತು. ಅವನು ಕೈಯೆತ್ತಿ, ಅರ್ಧ ಸುತ್ತು ತಿರುಗಿ, ಬಂಡೆಗೆ ಒರಗಿ, ಮೆಲ್ಲನೆ ಜಾರಿ ಮಲಗಿದ. ಅತ್ತೆ ‘ಶಿವ ಶಿವ’ ಎಂದು ಕಣ್ಣು ಮುಚ್ಚಿಕೊಂಡರು. ಚೆನ್ನಾಗಿಯೇ ಸತ್ತ. ಆದರೆ ಮಲಗಿದ ಮೇಲೆ, ಕ್ಯಾಮೆರಾ ಇನ್ನೂ ತಿರುಗುತ್ತಿರುವಾಗ, ಒಮ್ಮೆ ತಲೆಯೆತ್ತಿ ಹಿಂದಕ್ಕೆ ನೋಡಿ ಮತ್ತೆ ಮಲಗಿದ. ನಿರ್ದೇಶಕರು ಹಣೆ ಚಚ್ಚಿಕೊಂಡರು. ಆಮೇಲೆ ಅವರಿಗೇ ನಗು ಬಂದು, ‘ಇರ್ಲಿ ಬಿಡಿ, ಅದೇ ಚೆನ್ನಾಗಿದೆ’ ಎಂದರಂತೆ.

ಒಂದು ಸಲ ಸತ್ತರೆ ಮುಗಿಯಿತು ಎಂದುಕೊಂಡಿದ್ದ. ಮಾರನೆಯ ಬೆಳಿಗ್ಗೆ ಹೇಳಿ ಕಳಿಸಿದರು. ಕಾಳಗ ಇನ್ನೂ ನಾಲ್ಕು ದಿನ ಅದೇ ಜಾಗದಲ್ಲಿ ನಡೆಯಬೇಕಿತ್ತು, ಹೆಣ ಅಲ್ಲೇ ಇರಬೇಕಿತ್ತು. ಅವನು ಬಿದ್ದ ಜಾಗಕ್ಕೆ ಸುಣ್ಣದ ಗೀಟು ಎಳೆದಿದ್ದರು. ದಿನವೂ ಒಂಬತ್ತಕ್ಕೆ ಹೋಗಿ ಆ ಗೀಟಿನೊಳಗೆ ಕೈಕಾಲು ಹೊಂದಿಸಿಕೊಂಡು ಸತ್ತಿರಬೇಕು. ಊರಿನವರು ‘ಏನ್ ಈರಣ್ಣ, ಡ್ಯೂಟಿಗಾ?’ ಎನ್ನುತ್ತಿದ್ದರು. ಸಂಜೆ ಬಂದವನು ಬಾಗಿಲಲ್ಲೇ ನಾಲ್ಕು ಕೊಡ ನೀರು ತಲೆಯ ಮೇಲೆ ಸುರಿದುಕೊಂಡು ಒಳಗೆ ಹೋಗುತ್ತಿದ್ದ.

‘ಸತ್ತವನೂ ನೀನೇ, ಸ್ನಾನ ಮಾಡೋನೂ ನೀನೇನಾ ಈರಣ್ಣ?’ ಎಂದು ಅತ್ತೆ ನಕ್ಕರು.

‘ನನ್ ಹೆಸ್ರಲ್ಲಿ ಇನ್ಯಾರು ಮಾಡ್ತಾರೆ ಅಮ್ನೋರೆ?’ ಎಂದ. ಅತ್ತೆ ಆಮೇಲೆ ಆ ಮಾತಿಗೆ ನಗಲಿಲ್ಲ.

ಸಿನಿಮಾ ಬರಲು ಒಂದೂವರೆ ವರ್ಷ ಹಿಡಿಯಿತು. ಅಷ್ಟು ದಿನವೂ ಈರಣ್ಣ ಸಾವು ಎದುರಿಗೆ ಸಿಕ್ಕರೆ ದಾರಿ ಬದಲಿಸುವವನಂತೆ ಓಡಾಡಿದ. ಕೆಮ್ಮು ಬಂದರೆ ಯಾವ ಕೆಮ್ಮು ಎಂದು ಕಿವಿಗೊಟ್ಟು ಕೇಳುತ್ತಿದ್ದ. ಹೊಸ ಕಂಬಳಿ ಶುರುಮಾಡಿದರೆ, ‘ಮುಗ್ಸೋಗಂಟ ಬುಟ್ಟಾನೋ ಇಲ್ವೋ’ ಎಂದು ಮೇಲಕ್ಕೆ ನೋಡುತ್ತಿದ್ದ. ನಾನು ಸಮಾಧಾನ ಹೇಳಲು ಹೋದರೆ, ‘ಅರ್ಜಿ ಕೊಟ್ಟಿವ್ನಿ ತಾಯಿ. ಆರ್ಡರ್ ಇನ್ನೂ ಬಂದಿಲ್ಲ’ ಎನ್ನುತ್ತಿದ್ದ.

ಕೊನೆಗೆ ಅದು ಶಿರಾದ ಟಾಕೀಸಿಗೆ ಬಂತು. ಬರಗೂರಿನ ಜನಕ್ಕೆ ಶಿರಾ ಹತ್ತಿರ. ಅತ್ತೆ ತಮ್ಮನ ಕೈಲಿ ಹನುಮಕ್ಕನಿಗೆ ಹೇಳಿ ಕಳಿಸಿದರು, ‘ಭಾನುವಾರ ಮಧ್ಯಾಹ್ನದ ಆಟಕ್ಕೆ ಬಾ, ಒಂದು ದೇವರ ಪಿಚ್ಚರ್ ಬಂದಿದೆ, ನಾವೂ ಬರ್ತೀವಿ’ ಎಂದು. ‘ದೇವರ ಪಿಚ್ಚರ್ ಅಂದ್ರಾ?’ ಎಂದು ನಾನು ಹೌಹಾರಿದೆ. ‘ಇನ್ನೇನು, ನಿನ್ನ ತಮ್ಮ ಸಾಯೋ ಪಿಚ್ಚರ್ ಅನ್ನಲಾ?’ ಎಂದರು ಅತ್ತೆ. ಹೊರಡುವ ಹಿಂದಿನ ದಿನ ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದರು. ‘ಅವಳು ಅಳಲಿ ಬಿಡಲಿ, ನೀನು ಮಾತ್ರ ಅತ್ತಳು ಅಂತ ಹೇಳ್ಬಿಡು. ಸುಳ್ಳು ಸಾವಿಗೆ ಸುಳ್ಳು ಅಳು ಸಾಕು. ಅವನ ಜೀವಕ್ಕೆ ನೆಮ್ಮದಿ ಆಗಲಿ.’

ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಜಾಗ, ನಡುವೆ ಎದೆಯೆತ್ತರದ ಗೋಡೆ. ಈರಣ್ಣ ನಮಗಿಂತ ಮುಂಚೆ ಒಳಗೆ ಹೋಗಿ ಗಂಡಸರ ಕಡೆ ಮರೆಯಾಗಿ ಕೂತಿದ್ದ. ಹನುಮಕ್ಕ ಬಂದಳು. ತಮ್ಮನದೇ ಎತ್ತರ, ತಮ್ಮನದೇ ಮೂಗು. ನನ್ನನ್ನು ನೋಡಿ, ‘ಇವ್ಳು ಸೊಸೇನಾ? ಇಷ್ಟು ಸಣ್ಣಗವ್ಳೆ, ಇಕ್ತೀರೋ ಇಲ್ವೋ?’ ಎಂದು ಅತ್ತೆಯನ್ನು ಕೇಳಿದಳು. ಅವಳ ಕೈಯಲ್ಲಿ ಕರ್ಪೂರ, ಎರಡು ಬಾಳೆಹಣ್ಣು. ದೇವರ ಪಿಚ್ಚರಿಗೆಂದು ತಂದಿದ್ದಳು. ನಾನು ಅವಳ ಎಡಕ್ಕೆ ಕೂತೆ.

ಕಾಳಗ ಶುರುವಾಯಿತು. ಕಾಲು ಗಂಟೆ ಗುಂಡು ಹಾರಿದ ಮೇಲೆ ಹನುಮಕ್ಕ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು. ‘ದೇವ್ರು ಯಾವಾಗ್ ಬತ್ತಾನವ್ವ?’

‘ಬರ್ತಾನೆ ಇರಿ.’

‘ಇಷ್ಟು ಜನ ಸತ್ ಮ್ಯಾಲೆ ಬಂದು ಏನ್ ಮಾಡ್ತಾನೆ?’

ಅಷ್ಟರಲ್ಲಿ ಪರದೆಯ ಮೇಲೆ ಬಿಳಿ ಅಂಚಿನ ಕಂಬಳಿ ಕಂಡಿತು. ಮುಖ ಕಾಣುವುದಕ್ಕೆ ಮೊದಲೇ ಹನುಮಕ್ಕ ನನ್ನ ಮಣಿಕಟ್ಟು ಹಿಡಿದಳು. ‘ಅದು ನಮ್ಮೀರನ ಅಂಚು’ ಎಂದಳು. ಢಂ ಎಂದಿತು. ಅವನು ಕೈಯೆತ್ತಿದ, ತಿರುಗಿದ, ಜಾರಿದ. ಅವಳ ಹಿಡಿತ ಎಷ್ಟು ಬಿಗಿಯಿತೆಂದರೆ ಮನೆಗೆ ಬಂದ ಮೇಲೂ ಬಳೆಯ ಗುರುತು ಹೋಗಿರಲಿಲ್ಲ. ನಾನು ಪರದೆಯನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ. ಬಾಯಿ ತೆರೆದಿತ್ತು, ಉಸಿರಿರಲಿಲ್ಲ. ಈಗ ಅಳುತ್ತಾಳೆ ಎಂದುಕೊಂಡೆ.

ಅಷ್ಟರಲ್ಲಿ ಪರದೆಯ ಮೇಲಿನ ಹೆಣ ತಲೆಯೆತ್ತಿ, ಹಿಂದಕ್ಕೆ ಅನುಮಾನದಿಂದ ನೋಡಿ, ಮತ್ತೆ ಮಲಗಿತು.

ಇಡೀ ಟಾಕೀಸು ಹೋ ಎಂದು ನಕ್ಕಿತು. ಗಂಡಸರ ಕಡೆಯಿಂದ ಸಿಳ್ಳೆ. ಹನುಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಂದಕ್ಕೂ ಹಿಂದಕ್ಕೂ ತೂಗಿ ನಕ್ಕಳು. ‘ಸತ್ ಮ್ಯಾಲೂ ಅನುಮಾನ ನೋಡವ್ವ ಇವ್ನಿಗೆ’ ಎಂದಳು. ಅಲ್ಲಿಗೆ ಮುಗಿಯಿತು, ಆಕೆ ಅಳುವುದಿಲ್ಲ, ನಾನು ಸುಳ್ಳು ಹೇಳಬೇಕಾದೀತು ಎಂದು ಅತ್ತೆಯ ಕಡೆ ನೋಡಿದೆ. ಅತ್ತೆಯೂ ನಗುತ್ತಿದ್ದರು.

ಕಾಳಗ ಮುಂದುವರಿಯಿತು. ಜನ ಬಂಡೆಯಿಂದ ಬಂಡೆಗೆ ಹಾರಿದರು, ಕುದುರೆ ಬಿತ್ತು, ಪೆಟ್ಟಿಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಸಭೆಯೆಲ್ಲ ಪೆಟ್ಟಿಗೆಯನ್ನು ನೋಡುತ್ತಿತ್ತು. ಹನುಮಕ್ಕ ಪರದೆಯ ಬಲಗಡೆಯ ಕೆಳಮೂಲೆಯನ್ನು ಮಾತ್ರ ನೋಡುತ್ತಿದ್ದಳು. ಅಲ್ಲಿ ಕಂಬಳಿ ಮುದ್ದೆಯಾಗಿ ಬಿದ್ದಿತ್ತು. ಆ ಜಾಗ ಮತ್ತೆ ಮತ್ತೆ ಬರುತ್ತಿತ್ತು. ಅದು ಬಂದಾಗೆಲ್ಲ ಅವಳು ಮುಂದಕ್ಕೆ ಬಾಗುತ್ತಿದ್ದಳು. ಒಬ್ಬ ಅವನನ್ನು ದಾಟಿಕೊಂಡು ಓಡಿದ. ಇನ್ನೊಬ್ಬ ಅವನ ಬೆನ್ನ ಮೇಲೆ ಬಂದೂಕು ಊರಿ ಗುರಿ ಹಿಡಿದ. ‘ತೂ, ಅವ್ನ ಕೈ ಸೇದೋಗ’ ಎಂದು ಹನುಮಕ್ಕ ಶಪಿಸಿದಳು. ಆಮೇಲೆ ಯಾರಿಗೂ ಅಲ್ಲದ ಹಾಗೆ ಹೇಳಿದಳು.

‘ಬಂಡೆ ಕಾದಿರ್ತದೆ. ಆ ಕಂಬ್ಳಿ ಹೊದ್ಕಂಡು ಬಿಸ್ಲಲ್ಲಿ ಮಲಗವ್ನೆ. ನೀರು ಗೀರು ಕೊಟ್ರೋ ಇಲ್ವೋ ಇವ್ನಿಗೆ?’

ನಾನು ಅವಳ ಕಡೆ ತಿರುಗಿ ನೋಡಿದೆ. ಅವಳ ಕಣ್ಣು ಒಣಗಿಯೇ ಇತ್ತು.

ಆಟ ಬಿಟ್ಟಾಗ ಹೊರಗೆ ಇನ್ನೂ ಒಳ್ಳೆಯ ಬಿಸಿಲು. ಹನುಮಕ್ಕ ಗೇಟಿನ ಹತ್ತಿರ, ‘ದೇವರ ಪಿಚ್ಚರ್’ ಎಂದು ಕರೆಸಿದ್ದಕ್ಕೆ ಅತ್ತೆಗೆ ಬೈಯುತ್ತ ನಿಂತಳು. ನಾನು ನೀರು ಕುಡಿಯುವ ನೆಪ ಮಾಡಿ ಹಿಂದಿನ ಗೋಡೆಯ ಕಡೆ ಹೋದೆ. ಈರಣ್ಣ ಅಲ್ಲಿ ಬೆರಳು ಮುರಿಯುತ್ತ ನಿಂತಿದ್ದ.

‘ನಕ್ಕಳು, ಅಲ್ವಾ?’

‘ಎಲ್ಲಾರೂ ನಕ್ಕರು ಈರಣ್ಣ. ಆದರೆ ಅದಕ್ಕೆ ಮೊದಲು ಅತ್ತಳು.’

‘ಯಾವ ಕಣ್ಣಲ್ಲಿ ಮೊದ್ಲು ನೀರು ಬಂತು?’

‘ಬಲಗಣ್ಣು.’

‘ನೀನು ಅವಳ ಯಾವ ಪಕ್ಕಕ್ಕೆ ಕುಂತಿದ್ದೆ?’

‘ಎಡಕ್ಕೆ.’

‘ಎಡಕ್ಕೆ ಕುಂತೋಳ್ಗೆ ಬಲಗಣ್ಣು ಹೆಂಗ್ ಕಾಣ್ತು?’

ಅವನು ಸಿಟ್ಟಾಗಲಿಲ್ಲ. ಗೊತ್ತಿದ್ದದ್ದೇ ಎನ್ನುವ ಹಾಗೆ ತಲೆಯಾಡಿಸಿ, ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡು ಹೊರಡಲು ತಿರುಗಿದ. ಅವನ ಬೆನ್ನು ನೋಡಿ ತಡೆಯಲಾಗದೆ ಇದ್ದದ್ದನ್ನು ಹೇಳಿಬಿಟ್ಟೆ. ಅಳಲಿಲ್ಲ. ಕಂಬಳಿ ನೋಡಿಯೇ ಗುರುತು ಹಿಡಿದಳು. ಆಮೇಲೆ ಉಳಿದ ಸಿನಿಮಾ ಏನೂ ನೋಡಲಿಲ್ಲ, ನಿನ್ನನ್ನೇ ನೋಡುತ್ತಿದ್ದಳು. ಬಂಡೆ ಕಾದಿರುತ್ತದೆ, ನೀರು ಕೊಟ್ಟರೋ ಇಲ್ಲವೋ ಎಂದು ಕೇಳಿದಳು.

ಈರಣ್ಣ ತಿರುಗಿ ನಿಂತ. ನಾನು ಅಡ್ಡಪ್ರಶ್ನೆಗೆ ತಯಾರಾದೆ.

‘ಅಂಗಂದಳಾ?’ ಎಂದ ಅಷ್ಟೇ.

ಆಮೇಲೆ ಅವನು ನೇರವಾಗಿ ಗೇಟಿನ ಕಡೆ ನಡೆದ. ಅಕ್ಕನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತ. ಹನುಮಕ್ಕ ಬೈಯುವುದನ್ನು ನಿಲ್ಲಿಸಿದಳು. ಇಬ್ಬರೂ ನೆಲ ನೋಡಿಕೊಂಡು ನಿಂತರು. ಆರು ವರ್ಷದ ಮೇಲೆ ಅವರಲ್ಲಿ ಮೊದಲು ಮಾತಾಡಿದ್ದು ಅವನೇ.

‘ಕೊಟ್ರು.’

‘ಏನ?’

‘ನೀರು. ದಿನುಕ್ಕೆ ಎರಡ್ಸಲ. ಬಿಸ್ಲಲ್ಲಿ ಮಡಗಿದ್ರು, ಕಾದೋಗಿತ್ತು.’

ಹನುಮಕ್ಕ ಬಾಳೆಹಣ್ಣನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ‘ತಲೆ ಯಾಕೆತ್ತಿದೆ?’

‘ಯಾರೋ ಕಂಬ್ಳಿ ಎಳದಂಗಾತು.’

‘ಯಾರೂ ಎಳೀಲಿಲ್ಲ. ನಾನು ನೋಡ್ತಿದ್ನಲ್ಲ.’

‘ಅಂಗಾರೆ ಗಾಳಿಯೇ ಇರ್ಬೇಕು.’

‘ಒಂದಿನ ಪೂರ್ತಿ ಅಲ್ಲೇ ಬಿದ್ದಿದ್ದಾ?’

‘ಐದು ದಿನ.’

ಅವಳು ಆಗ ತಲೆಯೆತ್ತಿ ತಮ್ಮನನ್ನು ನೋಡಿದಳು. ದನಿಯಲ್ಲಿ ಏರಿಳಿತವಿಲ್ಲದೆ, ಮನೆಗೆ ಬಂದವರಿಗೆ ದಾರಿ ಹೇಳುವ ಹಾಗೆ ಹೇಳಿದಳು. ‘ನಿಮ್ ಬಾವನ್ನ ಮಾರ್ನೆ ದಿನ ಹೊತ್ತು ಮುಳುಗೋಗಂಟ ಅಂಗಳದಲ್ಲೇ ಮಡಗಿದ್ದೆ ಕಣ್ಲಾ ಈರ. ಎಲ್ಲಾರೂ ಎತ್ತಾನ ಎತ್ತಾನ ಅಂತಿದ್ರು. ನೀನು ಬತ್ತೀಯ ಅಂತ ನಾನೇ ಬುಡ್ಲಿಲ್ಲ.’

ನಾನು ಈರಣ್ಣನ ಬಾಯಿ ನೋಡುತ್ತಿದ್ದೆ. ಏನಾದರೂ ಕೇಳಿಯಾನು ಎಂದು ಕಾದೆ. ಅವನು ಏನನ್ನೂ ಕೇಳಲಿಲ್ಲ. ಚರ್ಮ ಸುಲಿದ ಹಾಗೆ ಕಾಣುತ್ತಿತ್ತು ಅವನ ಮುಖ. ಅಕ್ಕನ ಎದುರು ನಿಂತವನು ಮೊಣಕಾಲು ಹಿಡಿದುಕೊಂಡು ಅಲ್ಲೇ, ಟಾಕೀಸಿನ ಗೇಟಿನ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅತ್ತವನು ಅವನು. ಆಟ ನೋಡಿ ಇನ್ನೂ ಗೇಟಿನಲ್ಲೇ ಇದ್ದ ಜನ ಅವನನ್ನು ಗುರುತಿಸಿ, ‘ಅಗೋ, ತಲ್ಯೆತ್ತೋ ಹೆಣ’ ಎಂದು ನಗುತ್ತ ಸುತ್ತುಗಟ್ಟಿದರು. ಹನುಮಕ್ಕ ಅವರನ್ನು ಕೈಯಲ್ಲಿ ಬೀಸಿ ಅಟ್ಟಿದಳು. ‘ಓಗ್ರಲಾ, ನಿಮ್ ನಿಮ್ ಕೆಲ್ಸ ನೋಡ್ಕ ಓಗ್ರಿ’ ಎಂದು, ಬಾಳೆಹಣ್ಣು ಸುಲಿದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಮೂಸದೆ ತಿಂದ.

ಬರಗೂರಿನ ಬಸ್ಸು ಬಂದಾಗ ಇಬ್ಬರೂ ಹತ್ತಿದರು. ನಾನೂ ಅತ್ತೆಯೂ ಮಧುಗಿರಿಗೆ ಬಂದೆವು. ಹತ್ತು ದಿನದ ಮೇಲೆ ಅವನು ಒಂದು ಗಾಡಿ ತಂದು ಮಗ್ಗದ ಮರಗಳನ್ನು ಬಿಚ್ಚಿ ಹಾಕಿಕೊಂಡು ಹೋದ. ಅಕ್ಕನ ಮನೆಯ ಕೊಟ್ಟಿಗೆಯಲ್ಲಿ ಕುಳಿ ತೋಡಿದ್ದಾನೆಂದು ಅತ್ತೆಯ ತಮ್ಮ ಹೇಳಿದರು. ಎದುರು ಮನೆಗೆ ಬೇರೆಯವರು ಬಂದರು. ಕೇಳಿದ್ದಕ್ಕೆಲ್ಲ ನೇರ ಉತ್ತರ ಕೊಡುವ ಜನ. ಅವರ ಜೊತೆ ಮಾತು ಬೇಗ ಮುಗಿದುಹೋಗುತ್ತಿತ್ತು.

ಈರಣ್ಣ ಬರಗೂರಿನಲ್ಲೇ ತೀರಿಕೊಂಡ. ನಮ್ಮ ಮನೆಯವರಿಗೆ ವರ್ಗವಾಗಿ ನಾವು ಪಾವಗಡದಲ್ಲಿದ್ದಾಗ ಆ ಸುದ್ದಿ ತಲುಪಿತು. ಅಷ್ಟರಲ್ಲಿ ಎಲ್ಲ ಮುಗಿದು ತಿಂಗಳಾಗಿತ್ತು. ಅದಕ್ಕೆ ಹಿಂದಿನ ವರ್ಷ ಶಿರಾ ಬಸ್ ನಿಲ್ದಾಣದಲ್ಲಿ ಅವನನ್ನು ಕಂಡದ್ದೇ ಕೊನೆ. ಅಕ್ಕನ ಮಂಡಿನೋವಿಗೆ ಎಣ್ಣೆ ಒಯ್ಯಲು ಬಂದಿದ್ದ. ಸ್ವಲ್ಪ ತುಂಬಿಕೊಂಡಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು.

‘ಮಧುಗಿರೀನ ಮರೆತೇಬಿಟ್ಟೆಯಲ್ಲ ಈರಣ್ಣ. ಒಂದು ಸಲ ಬರಬಾರದಾ?’ ಎಂದೆ.

‘ಹೆಂಗ್ ಬರಾದು ತಾಯಿ? ದೋಷ ಕಳ್ದಿಲ್ವಲ್ಲ.’

‘ಇನ್ನೂ ಅದೇ ಹೇಳ್ತೀಯಲ್ಲ. ಎಷ್ಟು ವರ್ಷ ಆಯ್ತು.’

‘ವರ್ಷ ಆದ್ರೆ ಏನಾತು? ಅಕ್ಕ ಇನ್ನೂ ಅತ್ತಿಲ್ಲ. ದಿನಾ ಬೆಳಗ್ಗೆ ಎದ್ದೇಟ್ಗೆ ಅವಳ ಮಕ ನೋಡ್ತೀನಿ. ಬೈತಾಳೆ, ಮುದ್ದೆ ಇಕ್ತಾಳೆ, ರಾತ್ರಿ ಕದ ಹಾಕ್ದೆನೋ ಇಲ್ವೋ ಅಂತ ಕೇಳ್ತಾಳೆ. ಅಳಲ್ಲ.’ ಎಣ್ಣೆಯ ಸೀಸೆಯನ್ನು ಚೀಲದೊಳಗೆ ನೆಟ್ಟಗೆ ನಿಲ್ಲಿಸಿಕೊಂಡ. ‘ಅವಳು ಅಳೋಗಂಟ ನಾನು ಅಲ್ಲೇ ಇರ್ಬೇಕು ತಾಯಿ. ಬ್ಯಾರೆ ದಾರಿಯಿಲ್ಲ.’

ಇದನ್ನು ಹೇಳುವಾಗ ಅವನು ನಗುತ್ತಿದ್ದನೋ ಇಲ್ಲವೋ ಎಂದು ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಗೊತ್ತಾಗಲಿಲ್ಲ. ಬಸ್ಸು ಬಂತು, ಜನ ನುಗ್ಗಿದರು, ಅವರ ನಡುವೆ ಅವನ ಕಂಬಳಿ ಮೆಟ್ಟಿಲು ಹತ್ತಿ ಒಳಗೆ ಹೋಯಿತು.